ಕಂಬಳಿಗೆ ಜಳಕ

ಕಂಬಳಿಯನ್ನು ಯಾರಾದರೂ ಒಗೆಯುತ್ತಾರೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸರ್ಕಾರದ ಹುಕುಂ ಕಾಗದದಲ್ಲಿ ಅದನ್ನು ಸ್ಪಷ್ಟವಾಗಿಯೇ ಬರೆದಿದ್ದರು, ನಾನು ಓದಿಯೂ ಇದ್ದೆ. ಉದ್ದ ಐದು ಮೊಳ, ಅಗಲ ಮೂರು ಮೊಳ, ತೂಕ ಎರಡೂವರೆ ಸೇರು ಎಂದು ಮೇಲೆ ಇತ್ತು. ಈ ಅಳತೆ ಮತ್ತು ತೂಕ ಮೂರು ಸಲ ಬಿಸಿನೀರಿನಲ್ಲಿ ಒಗೆದ ನಂತರದ್ದು ಎಂದು ಕೆಳಗೆ, ಕೊನೆಯ ಸಾಲಿನಲ್ಲಿ ಇತ್ತು. ಮೇಲಿನದನ್ನು ಬಾಯಿಪಾಠ ಮಾಡಿಕೊಂಡೆ. ಕೆಳಗಿನದು ಗಿರಣಿ ಬಟ್ಟೆಯವರಿಗೆ ಬರೆದ ಮಾತು, ನಮಗಲ್ಲ ಎಂದುಕೊಂಡು ಕಾಗದ ಮಡಚಿ ಕಿಸೆಗಿಟ್ಟೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಎಲ್ಲವೂ ಗೊತ್ತಿದೆ ಅನ್ನಿಸುವ ವಯಸ್ಸು.

ಎರಡನೆಯ ಮಹಾಯುದ್ಧದ ನಡುವಿನ ಕಾಲ ಅದು. ನಾನು ನಿಜಾಮ ಸರ್ಕಾರದ ನೌಕರ, ಕೈಮಗ್ಗಗಳನ್ನು ನೋಡಿಕೊಳ್ಳುವವನು. ಲಿಂಗಸುಗೂರಿನಲ್ಲಿ ನನ್ನ ದಫ್ತರವೆಂದರೆ ಕಚೇರಿಯ ಹಿಂದಿನ ಒಂದು ಕೋಣೆ, ಒಂದು ತಕ್ಕಡಿ, ಒಂದು ಅಳತೆಪಟ್ಟಿ. ಜನ ನನ್ನನ್ನು ಮಗ್ಗದ ಮಾಸ್ತರ ಎನ್ನುತ್ತಿದ್ದರು. ಮೇಲಿನಿಂದ ಬಂದ ಹುಕುಂ ಇಷ್ಟೇ: ದಂಡಿನ ಆಸ್ಪತ್ರೆಗಳಿಗೆ ಉಣ್ಣೆಯ ಹೊದಿಕೆ ಬೇಕು, ಗಿರಣಿಯವು ಸಾಲುತ್ತಿಲ್ಲ, ಕುರುಬರ ಮಗ್ಗಗಳಲ್ಲಿ ನೇಯಿಸಿ ರಾಯಚೂರಿನ ಗೋದಾಮಿಗೆ ಮುಟ್ಟಿಸಬೇಕು.

ನಮ್ಮ ಸೀಮೆಗೆ ಯುದ್ಧದ ಗುಂಡು ಬಂದಿರಲಿಲ್ಲ, ಅಂಗಡಿಯವನ ‘ಇಲ್ಲ’ ಎಂಬ ಮಾತು ಬಂದಿತ್ತು. ಸೀಮೆಎಣ್ಣೆ ಇಲ್ಲ, ಸೂಜಿ ಇಲ್ಲ, ಬೆಂಕಿಪೆಟ್ಟಿಗೆ ಇಲ್ಲ. ಹೊಲದವರ ಜೋಳವನ್ನು ಸರ್ಕಾರ ಲೆವಿ ಎಂದು ಎತ್ತಿ ಗೋದಾಮಿಗೆ ತುಂಬುತ್ತಿತ್ತು. ಹೊಲವಿಲ್ಲದ ಕುರಿಗಾರರೂ ನೇಕಾರರೂ ಸಂತೆಗೆ ಹೋದರೆ ಜೋಳದ ಚೀಲ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಹುಕುಮಿನ ಜೊತೆ ಬಂದ ಇನ್ನೊಂದು ಮಾತು ನನಗೆ ಬಹಳ ದೊಡ್ಡದಾಗಿ ಕಂಡಿತು. ದಂಡಿನ ಕಂಬಳಿ ನೇಯುವ ಮನೆಗೆ ಲಿಂಗಸುಗೂರಿನ ಗೋದಾಮಿನಿಂದ ತಿಂಗಳಿಗೊಮ್ಮೆ ಜೋಳದ ಚೀಟಿ ಸಿಗುತ್ತದೆ. ಕಂಬಳಿ ಪಾಸಾಗುತ್ತ ಇರುವವರೆಗೆ ಮಾತ್ರ. ನಾಪಾಸಾದರೆ ಚೀಟಿ ಬಂದ್.

ಲಿಂಗಸುಗೂರಿನ ಹತ್ತಿರದ ಗುರುಗುಂಟಾದಲ್ಲಿ ಇಪ್ಪತ್ತಾರು ಮಗ್ಗದ ಮನೆಗಳು ಒಪ್ಪಿಕೊಂಡವು. ಅವರ ಪೈಕಿ ಇಬ್ಬರ ವಿಷಯ ಮೊದಲೇ ಹೇಳಬೇಕು. ಒಬ್ಬ ಹಿರಿಯ ನೇಕಾರ, ಎಲ್ಲರೂ ಯಜಮಾನರು ಎಂದು ಕರೆಯುತ್ತಿದ್ದವರು. ತೆಳ್ಳಗಿನ ಮನುಷ್ಯ. ಒಂದು ಮಾತಾಡುವ ಮೊದಲು ಒಂದು ಎಲೆ-ಅಡಿಕೆ ಮುಗಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಇನ್ನೊಬ್ಬಳು ನೂಲುವ ಮುದುಕಿ. ಊರಿನ ಹೆಂಗಸರಲ್ಲಿ ಅವಳಷ್ಟು ಸಮನಾದ ನೂಲು ತೆಗೆಯುವವರು ಇರಲಿಲ್ಲ. ಅವಳ ಒಬ್ಬನೇ ಮಗ ದಂಡಿನ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಎಲ್ಲಿಗೋ ಹೋಗಿದ್ದ. ಎಲ್ಲಿಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಅವನ ಪತ್ರಗಳು ಉರ್ದುವಿನಲ್ಲಿ, ಬೇರೆಯವರ ಕೈಬರಹದಲ್ಲಿ ಬರುತ್ತಿದ್ದವು. ನಾನು ಊರಿಗೆ ಹೋದಾಗ ಓದಿ ಹೇಳುತ್ತಿದ್ದೆ.

ನಾನು ಮಸ್ಕಿಯ ಹತ್ತಿ ನೇಕಾರರ ಮನೆಯವನು. ಉಣ್ಣೆಯ ಕೆಲಸ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕರಿಕುರಿಯ ಉಣ್ಣೆ ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ನೂಲುತ್ತಾರೆ. ಆ ನೂಲು ಒರಟು, ಮೈತುಂಬ ಕೂದಲು, ಹಾಗೆಯೇ ಮಗ್ಗಕ್ಕೆ ಏರಿಸಿದರೆ ಒಂದಕ್ಕೊಂದು ಸಿಕ್ಕಿ ಹರಿಯುತ್ತದೆ. ಅದಕ್ಕೆ ಹುಣಸೆ ಬೀಜ ಹುರಿದು, ಬೀಸಿ, ಕುದಿಸಿ ಗಂಜಿ ಮಾಡಿ ಉದ್ದಕ್ಕೆ ಹಾಯುವ ಹಾಸಿನ ನೂಲಿಗೆಲ್ಲ ಬಳಿಯುತ್ತಾರೆ. ಆಮೇಲೆ ನೂಲು ಗಟ್ಟಿಯಾಗಿ, ನುಣುಪಾಗಿ ನಿಲ್ಲುತ್ತದೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕುಳಿತು, ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲನ್ನು ಮರದ ಕತ್ತಿಯಿಂದ ಬಡಿದು ಬಡಿದು ಕೂರಿಸುತ್ತಾರೆ. ಹೊಸ ಕಂಬಳಿ ಇಳಿದಾಗ ಹಲಗೆಯಂತೆ ಸೆಟೆದಿರುತ್ತದೆ. ನೆಲಕ್ಕೆ ನಿಲ್ಲಿಸಿದರೆ ನಿಲ್ಲುತ್ತದೆ ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಯಜಮಾನರು ಮರದ ಕತ್ತಿಯನ್ನು ಪಕ್ಕಕ್ಕಿಟ್ಟು, ಇಷ್ಟು ದೊಡ್ಡ ಜಗಳ ಯಾಕೆ ಹತ್ತಿದೆ ಎಂದು ಕೇಳಿದರು. ಪತ್ರಿಕೆ ಓದುವವನೆಂಬ ಜಂಬ ನನಗಿತ್ತು. ದೊಡ್ಡ ದೊಡ್ಡ ಕಾರ್ಖಾನೆಗಳ ದೇಶಗಳು, ಅವಕ್ಕೆ ಹತ್ತಿ, ಎಣ್ಣೆ, ಕಬ್ಬಿಣ ಬೇಕು, ಮಾಡಿದ ಮಾಲು ಮಾರಲು ಬೇರೆಯವರ ಊರು ಬೇಕು. ಮೊದಲು ಹೊರಟವರು ಭೂಮಿಯನ್ನೆಲ್ಲ ಹಂಚಿಕೊಂಡಿದ್ದಾರೆ, ತಡವಾಗಿ ಬೆಳೆದವರು ನಮಗೂ ಬೇಕೆಂದು ಎದ್ದಿದ್ದಾರೆ. ಹಿಂದಿನ ಮಹಾಯುದ್ಧದಲ್ಲಿ ಸೋತವರ ಸಿಟ್ಟು ಇನ್ನೂ ಆರಿಲ್ಲ, ಅದನ್ನು ಊದಿ ಉರಿಸುವವನೊಬ್ಬ ಸಿಕ್ಕಿದ್ದಾನೆ. ಹೀಗೆಲ್ಲ ಅರ್ಧ ಗಂಟೆ ಹೇಳಿದೆ. ಅವರು ಎಲೆ-ಅಡಿಕೆ ಮುಗಿಸಿದರು.

“ಅಂದ್ರ ಹಿಂಡು ಬೆಳದಾವು, ಮೇಯೂ ಜಾಗ ಸಾಲವಲ್ದು. ಇದು ನಮಗ ತಿಳೀಲಾರದ ಜಗಳಲ್ಲ ಬಿಡ್ರಿ,” ಎಂದರು. “ನಾವೂ ಹೊಡದಾಡೀವಿ. ಕೋಲು ಹಿಡದು ಹೊಡದಾಡಿದ್ರ ಸಂಜಿಮುಂದ ಕೈ ಸೋಲ್ತಾವು, ಮನಿಗೆ ಬರ್ತೀವಿ. ಯಂತ್ರಕ್ಕ ಕೈ ಸೋಲಂಗಿಲ್ಲ ನೋಡ್ರಿ.”

ನನ್ನ ಅರ್ಧ ಗಂಟೆಯ ಭಾಷಣಕ್ಕಿಂತ ಅದು ಚೆನ್ನಾಗಿತ್ತು. ಒಳಗೊಳಗೆ ಸ್ವಲ್ಪ ಉರಿಯಿತು ಎಂದೂ ಒಪ್ಪಿಕೊಳ್ಳುತ್ತೇನೆ.

ಮಗ್ಗಕ್ಕೆ ಎರಡರಂತೆ ಐವತ್ತೆರಡು ಕಂಬಳಿ ತಯಾರಾದವು. ಪ್ರತಿಯೊಂದನ್ನೂ ನಾನೇ ಅಳೆದು, ತೂಗಿ, ಮೂಲೆಗೆ ಸುಣ್ಣದ ಗುರುತು ಹಾಕಿದೆ. ಒಂದೂ ಕಡಿಮೆ ಇರಲಿಲ್ಲ. ಎರಡು ಗಾಡಿಗಳಲ್ಲಿ ಹೇರಿಸಿಕೊಂಡು ಖುಷಿಯಿಂದ ರಾಯಚೂರಿಗೆ ಹೋದೆ.

ಗೋದಾಮಿನ ಸುಬೇದಾರ ವಯಸ್ಸಾದ ಪಂಜಾಬಿ. ಬಹಳ ಮರ್ಯಾದೆಯ ಮನುಷ್ಯ. ನನಗೆ ಚಹಾ ಕೊಟ್ಟು, ಹೊರೆಯಿಂದ ಮೂರು ಕಂಬಳಿ ಎಳೆದು ಅಂಗಳದ ಹಂಡೆಗೆ ಹಾಕಿಸಿದ. ನಾನು ಚಹಾ ಕುಡಿಯುತ್ತ ನೋಡುತ್ತಿದ್ದೆ. ಹಂಡೆಯ ನೀರು ಮೊದಲು ಮಂದವಾಯಿತು, ಆಮೇಲೆ ಅಂಬಲಿಯಂತೆ ಆಯಿತು. ಮೂರು ಸಲ ಒಗೆದು ಹಗ್ಗಕ್ಕೆ ಹಾಕಿದರು. ಮರುದಿನ ಒಣಗಿದ ಮೇಲೆ ತೂಗಿದರೆ ತೂಕ ಕಾಲು ಸೇರಿಗಿಂತ ಜಾಸ್ತಿಯೇ ಇಳಿದಿತ್ತು. ಅಳೆದರೆ ಉದ್ದ ನಾಲ್ಕು ಮೊಳದ ಮೇಲೆ ಒಂದು ಗೇಣು ಕೂಡ ಇರಲಿಲ್ಲ. ಅಂಚು ಹಾವು ಹರಿದ ಹಾಗೆ ಸೊಟ್ಟಗಾಗಿತ್ತು. ಸುಬೇದಾರ ನನ್ನನ್ನು ಬೈಯಲಿಲ್ಲ. ಹುಕುಂ ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ, ಅಷ್ಟೇ. ಎರಡು ತಿಂಗಳ ವಾಯಿದೆ ಕೊಟ್ಟ. ಆಗಲೂ ನಾಪಾಸಾದರೆ ಕೆಲಸ ಬೇರೆ ಜಿಲ್ಲೆಗೆ ಹೋಗುತ್ತದೆ ಎಂದ.

ಹಿಂದಿರುಗುವಾಗ ಇದ್ದಿಲು ಬಸ್ಸು. ಪೆಟ್ರೋಲ್ ಎಲ್ಲ ಯುದ್ಧಕ್ಕೆ ಹೋಗುತ್ತಿದ್ದುದರಿಂದ ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿ, ಇದ್ದಿಲ ಹೊಗೆಯ ಬಲದಿಂದ ಓಡಿಸುತ್ತಿದ್ದರು. ಏರು ಬಂದರೆ ನಾವೆಲ್ಲ ಇಳಿದು ತಳ್ಳಬೇಕು. ಸಿಂಧನೂರು ಮುಟ್ಟುವಷ್ಟರಲ್ಲಿ ಮೂರು ಸಲ ಇಳಿದಿದ್ದೆ, ಮುಖವೆಲ್ಲ ಮಸಿ. ಕಂಕುಳಲ್ಲಿ ಕುಗ್ಗಿಹೋದ ಆ ಮೂರರಲ್ಲೊಂದು ಕಂಬಳಿ; ನಾಪಾಸಾದ ಉಳಿದವು ಗಾಡಿಗಳಲ್ಲಿ ಹಿಂದೆ ಬರುತ್ತಿದ್ದವು. ಮುಂದಿನ ತಿಂಗಳ ಚೀಟಿ ಬರದಿದ್ದರೆ ಇಪ್ಪತ್ತಾರು ಮನೆಗಳ ಒಲೆ ಏನಾಗುತ್ತದೆ ಎಂಬುದು ಬಿಟ್ಟು ಬೇರೆ ಏನೂ ತಲೆಯಲ್ಲಿ ಇರಲಿಲ್ಲ. ಆ ದಿನ ನನಗೆ ನನ್ನ ಮೇಲೆ ಬಂದ ಸಿಟ್ಟು ಆಮೇಲೆ ಯಾರ ಮೇಲೂ ಬಂದಿಲ್ಲ.

ಮಸ್ಕಿಯಲ್ಲಿ ಇಳಿದು ಮನೆಗೆ ಹೋದೆ. ನಮ್ಮವ್ವ ಹಿತ್ತಲಲ್ಲಿ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ ಕೆಲಸ. ಮೊದಲ ಒಗೆತಕ್ಕೆ ಗಂಜಿ ಬಿಟ್ಟು ಸೀರೆ ಹಗುರಾಗುತ್ತದೆ ಎಂಬುದು ನಮ್ಮ ಓಣಿಯ ಕೂಸಿಗೂ ಗೊತ್ತು. ಅಂಥ ಮನೆಯಲ್ಲಿ ಹುಟ್ಟಿದ ನಾನು ಹುಣಸೆ ಗಂಜಿಯನ್ನೂ ಸೇರಿಸಿ ತೂಗಿ ಪಾಸು ಮಾಡಿದ್ದೆ. ಕಂಬಳಿ ಎಂದರೆ ಒಗೆಯದ ವಸ್ತು ಎಂಬುದು ನನ್ನ ತಲೆಯಲ್ಲೂ ಅಷ್ಟು ಗಟ್ಟಿಯಾಗಿ ಕುಳಿತಿತ್ತು. ನಮ್ಮ ಸೀಮೆಯಲ್ಲಿ ಯಾರ ಮನೆಯ ಕಂಬಳಿಯೂ ನೀರು ಕಂಡದ್ದಿಲ್ಲ. ಅದಕ್ಕೆ ಮೈಲಿಗೆ ಇಲ್ಲ. ಸೂತಕದ ಮನೆಯಿಂದ ತಂದರೂ ಕೊಡವಿ ಹಾಸುತ್ತಾರೆ. ಹಾಗಾಗಿ ನೀರು ಬಿದ್ದರೆ ಅದು ಏನಾಗುತ್ತದೆ ಎಂಬುದು ನೇಯ್ದವರಿಗೂ ಗೊತ್ತಿರಲಿಲ್ಲ, ಹೊದ್ದವರಿಗೂ ಗೊತ್ತಿರಲಿಲ್ಲ.

ನಮ್ಮ ಓಣಿಯ ಅಗಸನಿಗೆ ತೋರಿಸಿದೆ. ನನ್ನನ್ನು ಚಿಕ್ಕವನಿದ್ದಾಗಿನಿಂದ ಬಲ್ಲವನು. ಅವನು ಅದನ್ನು ಹಿಂಡಿ, ಮೂಸಿ ನಕ್ಕ.

“ತಮ್ಮಾ, ಇದು ತಿಂದದ್ದೆಲ್ಲ ಕಾರಿಕೊಂಡೈತಿ,” ಎಂದ. “ನೇಯ್ದದ್ದನ್ನ ಇಲ್ಲಿಗೆ ತಂದು ಹಾಕು. ನಾ ತೊಳದು ಕೊಡ್ತೀನಿ. ಅವರಿಗ್ಯಾಕ ಹೇಳ್ಬೇಕು?”

ದೊಡ್ಡದಾಗಿ ನೇಯಿಸಿ, ಗಂಜಿ ತೊಳೆದು, ಮೊದಲೇ ಕುಗ್ಗಿಸಿಬಿಟ್ಟರೆ ಆಮೇಲೆ ಗೋದಾಮಿನ ಹಂಡೆಯಲ್ಲಿ ಕುಗ್ಗುವುದಕ್ಕೆ ಏನೂ ಉಳಿದಿರುವುದಿಲ್ಲ. ದಾರಿ ಕಾಣುತ್ತಿತ್ತು. ಆದರೆ ಕಂಬಳಿ ತೊಳೆಯಿರಿ ಎಂದು ಕುರುಬರಿಗೆ ಹೇಳುವುದು ನನ್ನಿಂದ ಆಗುವ ಕೆಲಸವಲ್ಲ ಅನ್ನಿಸಿತು. ಅಗಸ ಹೇಳಿದ್ದು ಬಹಳ ಸುಲಭವಾಗಿತ್ತು. ಸರ್ಕಾರ ಅಳತೆ ಬದಲಿಸಿದೆ, ದೊಡ್ಡದು ನೇಯಿರಿ ಎಂದರೆ ಅವರು ನೇಯುತ್ತಾರೆ. ಗಾಡಿ ಮಸ್ಕಿಯಲ್ಲಿ ಎಂಟು ದಿನ ನಿಂತರೆ ಯಾರು ಕೇಳುತ್ತಾರೆ.

ಮರುದಿನ ಲಿಂಗಸುಗೂರಿನ ದಾರಿ ಹಿಡಿದಾಗಲೂ ಅದೇ ಎಂದು ಮನಸ್ಸು ಮಾಡಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ರಿಪೇರಿ ಆಗುವವರೆಗೆ ಬೇವಿನ ಗಿಡದ ಕೆಳಗೆ ಕುಳಿತು ಯೋಚಿಸಿದೆ. ಕದ್ದು ತೊಳೆದರೆ ಈ ಸಲ ಪಾಸಾಗಬಹುದು. ನಾನು ವರ್ಗವಾಗಿ ಹೋದ ಮೇಲೆ ಬಂದವನಿಗೆ ಈ ಗುಟ್ಟು ಯಾರು ಹೇಳುತ್ತಾರೆ. ನೇಯ್ದವರ ಕೈಗೆ ತಮ್ಮ ಕಂಬಳಿಯ ಗುಣ ಗೊತ್ತಾಗುವುದೇ ಇಲ್ಲ. ಕೊನೆಯ ಸಾಲನ್ನು ಒಮ್ಮೆ ಅವರಿಗೆ ಹೇಳದೆ ಬಿಟ್ಟು ಇಷ್ಟಾಗಿತ್ತು. ಎರಡನೆಯ ಸಲ ಹೇಳದೆ ಬಿಡಲು ಮನಸ್ಸು ಒಪ್ಪಲಿಲ್ಲ. ಬಸ್ಸಿನ ಒಲೆಗೆ ಮತ್ತೆ ಬೆಂಕಿ ಹತ್ತುವಷ್ಟರಲ್ಲಿ ನಾನು ಗುರುಗುಂಟಾಕ್ಕೇ ನೇರ ಹೋಗುವುದು ಎಂದು ತೀರ್ಮಾನಿಸಿದ್ದೆ.

ಹೋಗುವಾಗ ಲಿಂಗಸುಗೂರಿನ ಟಪಾಲು ಕಚೇರಿಯಲ್ಲಿ ಮುದುಕಿಯ ಹೆಸರಿಗೆ ಒಂದು ಪತ್ರ ಬಂದಿತ್ತು. ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಓದಿದೆ. ಮಗನಿಗೆ ಕಾಲಿಗೆ ಗಾಯವಾಗಿದೆ, ದಂಡಿನ ಆಸ್ಪತ್ರೆಯಲ್ಲಿದ್ದಾನೆ, ಗಾಯ ಕೀವು ಸೋರುತ್ತಿದೆ, ಕೆಂಪು ಹೊದಿಕೆ ಕೊಟ್ಟಿದ್ದಾರೆ, ಚಳಿ ಇಲ್ಲ, ಅವ್ವ ಚಿಂತೆ ಮಾಡಬಾರದು. ಇಷ್ಟೇ ಇತ್ತು. ಅವಳು ಮತ್ತೆ ಓದು ಎಂದಳು. ಓದಿದೆ. ಹೊದಿಕೆಯ ಮಾತು ಬಂದಾಗ ಕೈಯಲ್ಲಿದ್ದ ಕದಿರನ್ನು ನಿಲ್ಲಿಸಿ ಕೇಳಿಸಿಕೊಂಡಳು. ಅಳಲಿಲ್ಲ. ನಾನು ಪತ್ರ ಮಡಚಿ ಅವಳ ಕೈಗೆ ಕೊಟ್ಟೆ.

ಕುರುಬರ ದೇವರು ಬೀರಪ್ಪನ ಗುಡಿಯ ಮುಂದೆ ಎಲ್ಲರೂ ಸೇರಿದರು. ನಾನು ಕುಗ್ಗಿದ ಕಂಬಳಿಯನ್ನು ಹಾಸಿ, ತಪ್ಪು ನನ್ನದು, ಕಾಗದದಲ್ಲಿದ್ದ ಮಾತನ್ನು ನಾನು ನಿಮಗೆ ಹೇಳಲಿಲ್ಲ ಎಂದು ಒಪ್ಪಿಕೊಂಡೆ. ಆಮೇಲೆ ಮಾಡಬೇಕಾದದ್ದನ್ನು ಹೇಳಿದೆ. ಇಬ್ಬರು ಎದ್ದು ಹೋಗಲು ನೋಡಿದರು. ಯಜಮಾನರು ಕೈ ಎತ್ತಿ ಅವರನ್ನು ಕೂರಿಸಿದರು.

“ಮಾಸ್ತರ, ಕಂಬಳಿಗೆ ಮೈಲಿಗಿ ಇಲ್ರಿ,” ಎಂದರು. “ಮದುವ್ಯಾಗ ಮದುಮಕ್ಕಳನ್ನ ಇದರ ಮ್ಯಾಲ ಕುಂದ್ರಸ್ತೀವಿ. ದೇವರನ್ನ ಕುಂದ್ರಸ್ತೀವಿ. ಇದನ್ನ ತೊಳದ್ರ ಮೈಲಿಗಿ ಇತ್ತಂತ ನಾವಾ ಒಪ್ಪಿದಂಗಾತು. ಜ್ವಾಳ ಬರದಿದ್ರ ಬ್ಯಾಡ ಬಿಡ್ರಿ. ಇದೊಂದು ಆಗಂಗಿಲ್ರಿ.”

ಸರ್ಕಾರದ ಹುಕುಂ ಎಂದರೆ ಕೆಲಸ ಕೆಡುತ್ತದೆ ಎಂಬಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು. ಹೆಂಗಸರು ಗುಡಿಯ ಪಕ್ಕದ ಗೋಡೆಗೆ ಒರಗಿ ಕುಳಿತಿದ್ದರು. ಅಲ್ಲಿಂದ ಮುದುಕಿ ಮಾತಾಡಿದಳು. ಗಂಡಸರು ಕೂಡಿದಲ್ಲಿ ಅವಳು ಬಾಯಿ ತೆರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಅಣ್ಣಾ, ನನ್ನ ಮಗ ದವಾಖಾನ್ಯಾಗ ಮಲಗ್ಯಾನ. ಕಾಲು ಕೀವು ಸೋರಾಕತ್ತೈತಂತ. ಅವ ಎದ್ದ ಮ್ಯಾಲ ಆ ಹೊದಿಕಿ ಯಾರಿಗೆ ಕೊಡ್ತಾರ? ಇನ್ನೊಬ್ಬಾಕಿ ಮಗನಿಗೆ. ಅವಗಿಂತ ಮೊದಲ ಅದನ್ನ ಹೊದ್ದಾವ ಎಂಥಾ ಗಾಯದಾಗ ಇದ್ದನೋ. ತೊಳೀಲಾರದ ಹಂಗಾ ನನ್ನ ಮಗನಿಗೆ ಹೊಚ್ಚಿದ್ರ ನಾ ಸುಮ್ನಿರ್ತೀನೇನು? ಇದು ಮೈಲಿಗಿ ತೊಳಿಯೂದಲ್ಲ ಅಣ್ಣಾ. ನೆತ್ತರ ತೊಳಿಯೂದು.”

ಯಜಮಾನರು ಎಲೆ-ಅಡಿಕೆಯ ಚೀಲ ಬಿಚ್ಚಿದರು. ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿ, ಜಗಿದು, ಉಗಿದು ಬಂದು ಕುಳಿತರು. ನಾವೆಲ್ಲ ಕಾಯುತ್ತಿದ್ದೆವು.

“ದೇವರಿಗೂ ಜಳಕ ಮಾಡಸ್ತೀವಿ. ದೇವರಿಗೇನು ಮೈಲಿಗಿ ಇರತೈತೇನು?” ಎಂದರು ಕೊನೆಗೆ. “ತೊಳಿಯೂದು ಅನಬ್ಯಾಡ್ರಿ ಮಾಸ್ತರ. ಜಳಕ ಅನ್ರಿ. ಮೊದಲ್ನೇ ಕೊಡ ಗುಡಿಯಿಂದ ಬರ್ಲಿ.”

ಅಂದಿನಿಂದ ನಾನೂ ಜಳಕ ಎಂದೇ ಅಂದೆ. ಉರ್ದು ರಿಪೋರ್ಟಿನಲ್ಲೂ ಸ್ನಾನ ಎಂಬ ಅರ್ಥದ ಗುಸುಲ್ ಎಂಬ ಶಬ್ದವನ್ನೇ ಬರೆದೆ. ಕಂಬಳಿಗಳಿಗೆ ಸ್ನಾನ ಮಾಡಿಸಲಾಗುವುದು ಎಂದು ಓದಿದ ಕಚೇರಿಯ ಮುನ್ಷಿ ಕನ್ನಡಕ ಕೆಳಗಿಳಿಸಿ ನನ್ನನ್ನು ಬಹಳ ಹೊತ್ತು ನೋಡಿದರು.

ಒಪ್ಪಿಗೆ ಸಿಕ್ಕಿತೆಂದರೆ ಕೆಲಸ ಮುಗಿದಂತೆ ಎಂದುಕೊಂಡಿದ್ದೆ. ಮಸ್ಕಿಯಿಂದ ಅಗಸನನ್ನು ಕರೆಸಿದೆ. ಮೊದಲು ಯಜಮಾನರೇ ತಮ್ಮ ಕೈಯಾರೆ ನೇಯ್ದ ಒಂದನ್ನು ಕೊಟ್ಟರು. ಹಳ್ಳದ ದಂಡೆಯಲ್ಲಿ ಗುಡಿಯ ಕೊಡದ ನೀರು ಚೆಲ್ಲಿ, ಅಗಸ ತನ್ನ ಪದ್ಧತಿಯಂತೆ ಹಂಡೆಯಲ್ಲಿ ನೀರು ಕುದಿಸಿ, ಸವಳು ಮಣ್ಣು ಹಾಕಿ, ಕಂಬಳಿಯನ್ನು ಮುಳುಗಿಸಿ, ಎತ್ತಿ ಕಲ್ಲಿಗೆ ಬಡಿದು ತಣ್ಣನೆಯ ಹಳ್ಳಕ್ಕೆ ಎಸೆದ. ಎತ್ತಿದಾಗ ಅದು ಕಂಬಳಿಯಾಗಿ ಉಳಿದಿರಲಿಲ್ಲ. ಎರಡು ಮೊಳದ ಒಂದು ದಪ್ಪ ತುಂಡು, ಕುದುರೆಯ ಜೀನಿನ ಹಾಗೆ. ಬಿಡಿಸಲು ಎಳೆದರೆ ಬಿಡಿಸಿಕೊಳ್ಳುವುದಿಲ್ಲ. ನಾನು ಅಗಸನ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಅವನು ಸುಮ್ಮನೆ ಕೈ ಒರೆಸಿಕೊಂಡ.

“ನಂಗ ಹತ್ತಿ ಗೊತ್ತು ತಮ್ಮಾ. ಉಣ್ಣಿ ಗೊತ್ತಿಲ್ಲ,” ಎಂದ.

ಆ ಮಾತು ನನಗೂ ಅಷ್ಟೇ ಸಲ್ಲುತ್ತಿತ್ತು. ಹತ್ತಿಯ ಇಬ್ಬರು ಸೇರಿ ಉಣ್ಣೆಯವರಿಗೆ ಪಾಠ ಹೇಳಲು ಹೊರಟಿದ್ದೆವು. ನಾನು ಮರಳಿನಲ್ಲಿ ಕುಳಿತುಬಿಟ್ಟೆ. ಆಗ ಯಜಮಾನರು ಆ ತುಂಡನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಬೇಸರ ಮಾಡಿಕೊಂಡಿದ್ದಾರೆ ಎಂದುಕೊಂಡೆ. ಅವರು ಮುದುಕಿಯ ಕಡೆ ತಿರುಗಿ, ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯುತ್ತೇವಲ್ಲ, ಆಗ ಉಣ್ಣೆ ಹೀಗೆ ಗಂಟು ಕಟ್ಟುವುದಿಲ್ಲ, ಯಾಕೆ ಎಂದು ಕೇಳಿದರು. ಅವಳಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಬಿಸಿಲೇರಿ ಹಳ್ಳದ ನೀರು ಬೆಚ್ಚಗಾಗುವವರೆಗೆ ಕಾಯುತ್ತೇವೆ, ಕುರಿಯನ್ನು ಬಡಿಯುವುದಿಲ್ಲ, ಕೈಯಿಂದ ಒತ್ತುತ್ತೇವೆ ಎಂದಳು. ಇಷ್ಟು ವರ್ಷ ಅವರು ಮಾಡುತ್ತ ಬಂದ ಕೆಲಸ. ಕುರಿಯ ಮೈಮೇಲಿದ್ದಾಗ ಗೊತ್ತಿದ್ದದ್ದು ಮಗ್ಗದಿಂದ ಇಳಿದ ಮೇಲೆ ನೆನಪಿಗೆ ಬಂದಿರಲಿಲ್ಲ, ಅಷ್ಟೇ.

ಅಲ್ಲಿಂದ ಕೆಲಸ ಅವರ ಕೈಗೆ ಹೋಯಿತು. ನಾನು ಅಳೆಯುವವನಾದೆ. ಹಳ್ಳದ ದಂಡೆಯಲ್ಲಿ ತಗ್ಗು ತೋಡಿ, ಚಪ್ಪಟೆ ಕಲ್ಲಿನ ಪರಸಿ ಹಾಸಿದರು. ಹಳ್ಳದ ಹರಿವು ಸಣ್ಣದಾಗುತ್ತ ಬಂದಿದ್ದರಿಂದ ಮರಳಲ್ಲಿ ಒರತೆ ತೆಗೆದು ನೀರು ತುಂಬಿದರು. ಬಿಸಿನೀರು ಬೆರೆಸಿ, ಕೈ ತಾಳುವಷ್ಟು ಬೆಚ್ಚಗೆ ಮಾಡಿ, ಅಂಟುವಾಳದ ಕಾಯಿ ಹಿಸುಕಿ ನೊರೆ ಎಬ್ಬಿಸಿದರು. ಸಾಬೂನು ಆಗ ಸಂಪತ್ತಿನ ಹಾಗಿತ್ತು. ನಾಲ್ವರು ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ನಿಂತು ಕಂಬಳಿಯನ್ನು ತುಳಿದರು. ಎಷ್ಟು ಹೊತ್ತು ಎಂಬುದಕ್ಕೆ ನನ್ನ ಗಡಿಯಾರ ಯಾರಿಗೂ ಬೇಕಾಗಲಿಲ್ಲ. ಎರಡು ಎಲೆ-ಅಡಿಕೆ ಮುಗಿಯುವಷ್ಟು ಎಂದು ಯಜಮಾನರು ಅಂದರು, ಅದೇ ಕಾಯಂ ಆಯಿತು. ಹೊರಬಂದ ಗಂಜಿನೀರನ್ನು ಚೆಲ್ಲಲಿಲ್ಲ. ಎಮ್ಮೆಗಳು ಅದನ್ನು ಸೊರಸೊರ ಕುಡಿದವು.

ಹಿಂದೆ ಬಂದ ಹೊರೆಯಿಂದ ಪರೀಕ್ಷೆಗೆ ತೆಗೆದ ಪ್ರತಿ ಕಂಬಳಿಗೂ ಮೊಳಕ್ಕೊಂದರಂತೆ ಕೆಂಪು ನೂಲಿನ ಗುರುತು ಹೊಲಿದಿದ್ದೆ. ಒಂದೊಂದು ಜಳಕದ ನಂತರ ಗುರುತಿನಿಂದ ಗುರುತಿಗೆ ಅಳೆದು ಬರೆದುಕೊಂಡೆ. ಮೊದಲ ಜಳಕಕ್ಕೆ ಬಹಳ ಕುಗ್ಗಿತು. ಎರಡನೆಯದಕ್ಕೆ ಕಡಿಮೆ, ಮೂರನೆಯದಕ್ಕೆ ನಾಲ್ಕು ಬೆರಳಷ್ಟು. ನಾಲ್ಕನೆಯದಕ್ಕೆ ಒಂದೇ ಬೆರಳು. ಎರಡು ದಿನ ಬಿಟ್ಟು ಐದನೆಯ ಸಲ ತುಳಿಸಿದೆ. ಕುಗ್ಗಲಿಲ್ಲ. ಅಂದರೆ ಕಂಬಳಿಗೆ ನಾಲ್ಕು ಜಳಕ ಸಾಕು. ಐದು ಮೊಳ ಬೇಕೆಂದರೆ ಆರೂಕಾಲು ಮೊಳ ನೇಯಬೇಕು, ಅಗಲಕ್ಕೆ ಹಾಸಿನ ಎಳೆ ಹೆಚ್ಚಿಸಬೇಕು, ಗಂಜಿಯ ತೂಕ ಲೆಕ್ಕಕ್ಕೆ ಹಿಡಿಯದೆ ಕಾಲು ಸೇರು ಉಣ್ಣೆ ಜಾಸ್ತಿ ಹಾಕಬೇಕು. ಇನ್ನೊಂದು ವಿಷಯ ಯಜಮಾನರು ಕಂಡುಹಿಡಿದರು. ಕತ್ತಿಯಿಂದ ಮೊದಲಿನಷ್ಟು ಬಿಗಿಯಾಗಿ ಬಡಿಯಬಾರದು. ಸಡಿಲವಾಗಿ ನೇಯ್ದರೆ ಜಳಕವೇ ಅದನ್ನು ಬಿಗಿ ಮಾಡುತ್ತದೆ, ಅಂಚೂ ಸೊಟ್ಟಗಾಗುವುದಿಲ್ಲ. ಐವತ್ತು ವರ್ಷ ಬಿಗಿಯಾಗಿ ಬಡಿದ ಕೈಗೆ ಸಡಿಲ ಬಡಿಯುವುದು ಬಹಳ ಕಷ್ಟವಾಯಿತು ಎಂದು ಅವರೇ ಹೇಳಿದರು.

ಹೆಚ್ಚಿನ ಉಣ್ಣೆ ನೂಲುವ ಭಾರ ಹೆಂಗಸರ ಮೇಲೆ ಬಿತ್ತು. ಮುದುಕಿ ಮನೆ ಮನೆಗೆ ಹೋಗಿ ಕೂರಿಸಿ ನೂಲಿಸಿದಳು. ನಾನು ಊರಿಗೆ ಕಾಲಿಟ್ಟಾಗಲೆಲ್ಲ ಪತ್ರ ಬಂದಿದೆಯೇ ಎಂದು ನನ್ನ ಮುಖ ನೋಡುತ್ತಿದ್ದಳು. ಬಂದಿರುತ್ತಿರಲಿಲ್ಲ. ಕೇಳದೆ ಮತ್ತೆ ನೂಲಲು ತೊಡಗುತ್ತಿದ್ದಳು. ಆ ಎರಡು ತಿಂಗಳಲ್ಲಿ ಚೀಟಿಯೂ ಇಲ್ಲದೆ ಹೊಲದವರ ಮನೆಗಳಿಂದ ನವಣೆ ಕಡ ತಂದು ಅಂಬಲಿ ಕಾಯಿಸಿದರು. ಒಂದು ಮಗ್ಗವೂ ನಿಲ್ಲಲಿಲ್ಲ.

ವಾಯಿದೆಗೆ ಮೂರು ದಿನ ಇರುವಾಗ ಐವತ್ತೆರಡು ಕಂಬಳಿಗಳೊಂದಿಗೆ ರಾಯಚೂರಿಗೆ ಹೊರಟೆ. ಈ ಸಲ ಯಜಮಾನರೂ ಜೊತೆಗೆ ಬಂದರು. ಸುಬೇದಾರ ಮತ್ತೆ ಚಹಾ ಕೊಟ್ಟ. ನನಗೆ ಕುಡಿಯಲು ಆಗಲಿಲ್ಲ, ಯಜಮಾನರು ಬಸಿಗೆ ಸುರಿದುಕೊಂಡು ನಿಧಾನವಾಗಿ ಕುಡಿದರು. ಮೂರು ಕಂಬಳಿ ಹಂಡೆಗೆ ಹೋದವು. ಗೋದಾಮಿನ ಹಂಡೆಯ ನೀರು ನಮ್ಮ ತಗ್ಗಿನ ನೀರಿಗಿಂತ ಬಿಸಿಯಾಗಿತ್ತು. ನಾನು ಹಂಡೆಯ ಪಕ್ಕಕ್ಕೇ ಹೋಗಿ ನಿಂತೆ. ಆದರೆ ನೀರು ಮಂದವಾಗಲಿಲ್ಲ. ಮೂರು ಸಲವೂ ತಿಳಿಯಾಗಿಯೇ ಇತ್ತು. ಮರುದಿನ ತೂಕ ಎರಡೂವರೆ ಸೇರಿಗೆ ಸರಿಯಾಗಿ ನಿಂತಿತು. ಉದ್ದ ಐದು ಮೊಳದ ಮೇಲೆ ಎರಡು ಬೆರಳು. ಸುಬೇದಾರ ಕಂಬಳಿಯನ್ನು ಎತ್ತಿ ಕೆನ್ನೆಗೆ ಒತ್ತಿ ನೋಡಿದ. ಮಂಜೂರ್ ಎಂದು ಬರೆದು ಮೊಹರು ಹಾಕಿದ. ಇದು ಹೇಗೆ ಮೆತ್ತಗಾಯಿತು ಎಂದು ಕೇಳಿದ. ನಾನು ಯಜಮಾನರತ್ತ ಕೈ ತೋರಿಸಿದೆ.

ಯಜಮಾನರು ತಮ್ಮದೊಂದು ಪ್ರಶ್ನೆಯನ್ನು ನನ್ನಿಂದ ಕೇಳಿಸಿದರು. ಇವು ಯಾವ ದವಾಖಾನೆಗೆ ಹೋಗುತ್ತವೆ. ಮುದುಕಿ ಕೇಳಿಕೊಂಡು ಬಾ ಎಂದಿದ್ದಳಂತೆ. ತನ್ನ ಕಾಗದದಲ್ಲಿ ಅದು ಇರುವುದಿಲ್ಲ ಎಂದ ಸುಬೇದಾರ. ನಾನು ಅವಳ ಮಗನ ವಿಷಯ ಹೇಳಿದೆ. ಆಮೇಲೆ, ಹೊದ್ದವನು ಬೆಚ್ಚಗಿರುತ್ತಾನೆ ಎಂದು ಆ ತಾಯಿಗೆ ಹೇಳಿ ಎಂದ.

ಜೋಳದ ಚೀಟಿ ಮತ್ತೆ ಶುರುವಾಯಿತು. ಯುದ್ಧ ಮುಗಿಯುವವರೆಗೆ ಒಂದು ಹೊರೆಯೂ ಹಿಂದೆ ಬರಲಿಲ್ಲ. ಯುದ್ಧ ನಿಂತ ಕೂಡಲೇ ಹುಕುಂ ಕೂಡ ನಿಂತಿತು, ಚೀಟಿಯೂ ನಿಂತಿತು. ಮಗ್ಗಗಳು ಸುಮ್ಮನಾಗುತ್ತವೆ ಎಂದು ಹೆದರಿದ್ದೆ. ಆದರೆ ಅಷ್ಟರಲ್ಲಿ ಜಳಕದ ಕಂಬಳಿಯ ಸುದ್ದಿ ಸಂತೆಯಲ್ಲಿ ಹರಡಿತ್ತು. ಹಳೆಯದು ಕೂಸಿನ ಮೈಗೆ ಚುಚ್ಚುತ್ತಿತ್ತು, ಇದು ಚುಚ್ಚುವುದಿಲ್ಲ. ಸಿಂಧನೂರಿನ ಕಡೆಯಿಂದ ಬಾಣಂತಿಯರಿಗೆಂದು ಕೇಳಿಕೊಂಡು ಬರತೊಡಗಿದರು. ದೇವರ ಕೆಲಸಕ್ಕೆ, ಮದುವೆಗೆ ಹಳೆಯ ಸೆಟೆದ ಕಂಬಳಿ, ಮಲಗಲು ಜಳಕದ್ದು ಎಂದು ಎರಡೂ ನಡೆದವು. ನಾವು ಕೆಡಿಸಿದ ಆ ಎರಡು ಮೊಳದ ತುಂಡನ್ನು ಯಜಮಾನರು ಮಗ್ಗದ ಗುಂಡಿಯ ಅಂಚಿಗೆ ಹಾಸಿಕೊಂಡು ಅದರ ಮೇಲೇ ಕೂರುತ್ತಿದ್ದರು. ಯಾರಾದರೂ ಕೇಳಿದರೆ ಇದು ಮಾಸ್ತರರು ನೇಯ್ದದ್ದು ಎನ್ನುತ್ತಿದ್ದರು.

ಮುದುಕಿಯ ಮಗ ಯುದ್ಧ ನಿಂತು ಬಹಳ ದಿನಗಳ ಮೇಲೆ ಬಂದ. ಸುದ್ದಿ ಕೇಳಿ ಲಿಂಗಸುಗೂರಿನಿಂದ ಹೋದೆ. ಒಂದು ಕಾಲು ಮಡಚುತ್ತಿರಲಿಲ್ಲ, ಕೋಲು ಹಿಡಿದು ನಡೆಯುತ್ತಿದ್ದ. ನಗುತ್ತ ನಮಸ್ಕಾರ ಮಾಡಿದ. ಅವ್ವ ಎಲ್ಲಿ ಎಂದರೆ ಹಳ್ಳದ ಕಡೆ ತೋರಿಸಿದ.

ಅವಳು ನಮ್ಮ ಅದೇ ತಗ್ಗಿನಲ್ಲಿ ಒಬ್ಬಳೇ ನಿಂತು ತುಳಿಯುತ್ತಿದ್ದಳು. ಕೆಂಪು ಹೊದಿಕೆ. ಮಗ ಆಸ್ಪತ್ರೆಯಿಂದ ಹೊದ್ದುಕೊಂಡು ಬಂದದ್ದು, ಗಿರಣಿಯದು. ಹಿಂಡಿ, ಬಿಡಿಸಿ, ಬಂಡೆಯ ಮೇಲೆ ಹಾಸಿ ನನ್ನನ್ನು ಕರೆದಳು. ಬಿಸಿಲಿಗೆ ಹಿಡಿದು ಒಂದು ಮೂಲೆಯನ್ನು ನನಗೆ ತೋರಿಸಿದಳು. ಅಲ್ಲಿ ಹಳೆಯದೊಂದು ಕಲೆಯ ಅಂಚು, ಬಹಳ ತೆಳ್ಳಗೆ, ಕಂಡೂ ಕಾಣದ ಹಾಗೆ ಇತ್ತು. ಈ ನೆತ್ತರ ಕಲೆ ನನ್ನ ಮಗನದ್ದಲ್ಲ, ಅವನನ್ನು ಕೇಳಿದ್ದೇನೆ, ಅವನಿಗೆ ಕೊಡುವ ಮೊದಲೇ ಇತ್ತಂತೆ ಎಂದಳು. ನೂಲು ನೋಡುವ ಹಾಗೆ ಅದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡಿದಳು.

“ಯಾರು ತೊಳದಾರೋ ಗೊತ್ತಿಲ್ಲ ಮಾಸ್ತರ,” ಎಂದಳು. “ಚೊಲೊ ತೊಳದಾರ.”